ಉಸಿರನ್ನು ಅಳೆದ ಲೆವಾಸಿಯೆ

ನಾವು ಒಳಗೆಳೆಯುವ ಗಾಳಿಯಲ್ಲಿ ಆಮ್ಲಜನಕ ಶೇಕಡಾ 21ರಷ್ಟು. ಹೊರಬಿಡುವಾಗ ಸುಮಾರು 16. ಶೇಕಡಾ 0.04ರಷ್ಟಿದ್ದ ಇಂಗಾಲದ ಡೈಆಕ್ಸೈಡ್ ಹೊರಬರುವಾಗ ಸುಮಾರು 4ಕ್ಕೆ ಏರಿರುತ್ತದೆ. ಈ ವ್ಯತ್ಯಾಸದ ಗುಟ್ಟನ್ನು ಬಿಡಿಸಿದವರು ಫ್ರಾನ್ಸಿನ ಆಂಟ್ವಾನ್ ಲೆವಾಸಿಯೆ.

ಇವರು ಜನಿಸಿದ್ದು 1743ರ ಆಗಸ್ಟ್ 26ರಂದು ಪ್ಯಾರಿಸಿನಲ್ಲಿ. ಎಳವೆಯಲ್ಲೇ ತಾಯಿಯನ್ನು ಕಳೆದುಕೊಂಡರು. ಓದಿದ್ದು ಕಾನೂನು, ಒಲಿದದ್ದು ವಿಜ್ಞಾನ. ರಾಜನ ಪರವಾಗಿ ತೆರಿಗೆ ವಸೂಲು ಮಾಡುವ ಗುತ್ತಿಗೆ ಸಂಸ್ಥೆಯಲ್ಲಿ ಪಾಲುದಾರರಾಗಿ, ಬಂದ ಆದಾಯವನ್ನು ಪ್ರಯೋಗಾಲಯಕ್ಕೆ ಸುರಿದರು. 1771ರಲ್ಲಿ ಕೈಹಿಡಿದ ಮಾರಿ, ಪ್ರಯೋಗಗಳ ಟಿಪ್ಪಣಿ ಬರೆದು ಚಿತ್ರ ಬಿಡಿಸುವ ಸಹಾಯಕಿಯೂ ಆದರು.

1782–83ರ ಚಳಿಗಾಲದಲ್ಲಿ ಲೆವಾಸಿಯೆ ಮತ್ತು ಲಾಪ್ಲಾಸ್ ಒಂದು ಗಿನಿಯಿಲಿಯನ್ನು ಮಂಜುಗಡ್ಡೆ ಸುತ್ತುವರಿದ ಪಾತ್ರೆಯಲ್ಲಿಟ್ಟರು. ಅದರ ಮೈಶಾಖಕ್ಕೆ ಕರಗಿದ ನೀರನ್ನು ತೂಗಿ, ಅದು ಹೊರಬಿಟ್ಟ ಇಂಗಾಲದ ಡೈಆಕ್ಸೈಡಿನೊಂದಿಗೆ ತಾಳೆ ನೋಡಿದರು. ಉಸಿರಾಟವೆಂದರೆ ಜ್ವಾಲೆಯಿಲ್ಲದ ನಿಧಾನ ದಹನವೆಂದು ತಿಳಿಯಿತು. ಬಳಿಕ ಸೆಗ್ವಿನ್ ಎಂಬ ಸಹಾಯಕ ತಾನೇ ಮುಖವಾಡ ತೊಟ್ಟು ಕುಳಿತ. ಊಟವಾದ ಮೇಲೂ ದುಡಿಯುವಾಗಲೂ ದೇಹ ಹೆಚ್ಚು ಆಮ್ಲಜನಕ ಬಳಸುವುದು ಕಂಡುಬಂತು.

ಅಷ್ಟರಲ್ಲಿ ಕ್ರಾಂತಿ ಬಂದಿತ್ತು. ತೆರಿಗೆಗಾಗಿ ಪ್ಯಾರಿಸ್ ಸುತ್ತ ಕಟ್ಟಿಸಿದ ಗೋಡೆಯಿಂದ ನಗರದ ಗಾಳಿಯನ್ನೇ ತಡೆದರೆಂಬ ದೂರು, ಗಾಳಿಯ ಗುಣ ತಿಳಿಸಿಕೊಟ್ಟ ಇವರ ಮೇಲೆಯೇ ಬಂತು. 1794ರ ಮೇ 8ರಂದು ಮಾವನೂ ಸೇರಿ 27 ಮಂದಿ ಗುತ್ತಿಗೆದಾರರೊಂದಿಗೆ ಇವರ ತಲೆ ಕಡಿಯಲಾಯಿತು. ಆಗ ವಯಸ್ಸು 50. ಉಳಿದ ಬರಹಗಳನ್ನು ಮುಂದೆ ಮಾರಿಯೇ ಮುದ್ರಿಸಿ ಹಂಚಿದರು.

ಕಾಸರಗೋಡಿನ ನಮ್ಮವರು ಮಂಗಳೂರಿಗೆ, ಗಡಹಿಂಗ್ಲಜದ ಕನ್ನಡಿಗರು ಕೊಲ್ಹಾಪುರಕ್ಕೋ ಬೆಳಗಾವಿಗೋ ರೋಗಿಯನ್ನು ಕರೆದೊಯ್ದಾಗ, ತೀವ್ರ ನಿಗಾ ಘಟಕದಲ್ಲಿ ಕಾವಲಿರುವುದು ಇದೇ ತಿಳಿವಳಿಕೆ. ಕೃತಕ ಉಸಿರಾಟದ ನಳಿಗೆಗೆ ಜೋಡಿಸಿದ ಕ್ಯಾಪ್ನೋಗ್ರಾಫ್ ಎಂಬ ಯಂತ್ರ ಪ್ರತಿ ನಿಶ್ವಾಸದ ಇಂಗಾಲದ ಡೈಆಕ್ಸೈಡನ್ನು ಅಳೆದು ಪರದೆಯ ಮೇಲೆ ಅಲೆಯಾಗಿ ತೋರಿಸುತ್ತದೆ. ನಿಶ್ವಾಸದ ಕೊನೆಗೆ 35ರಿಂದ 45 ಮಿಲಿಮೀಟರ್ ಪಾದರಸದಷ್ಟಿದ್ದರೆ ಸಹಜ. ನಳಿಗೆ ಶ್ವಾಸನಾಳದ ಬದಲು ಅನ್ನನಾಳಕ್ಕೆ ಹೋಗಿದ್ದರೆ ಅಲೆ ಮೂಡಿ ನಿಲ್ಲದು. ಹೃದಯ ನಿಂತರೆ ಥಟ್ಟನೆ ಕುಸಿಯುತ್ತದೆ. ಸೂಜಿ ಚುಚ್ಚದೆ, ರಕ್ತ ತೆಗೆಯದೆ ವೈದ್ಯರಿಗೆ ಕ್ಷಣದಲ್ಲೇ ಎಚ್ಚರಿಕೆ ಸಿಗುತ್ತದೆ.