ನೃಪತುಂಗನ ಕಾಲದ ಅಂಕಿಮಾಲೆಗಾರ

ಮಾನ್ವಿಯ ಪ್ರೌಢಶಾಲೆಯೊಂದರಲ್ಲಿ ಗಣಿತ ಕಲಿಸುತ್ತಿದ್ದಾಗ ಪ್ರತಿ ವರ್ಷದ ಮೊದಲ ಪಾಠವನ್ನು ನಾನು ಒಂದೇ ಲೆಕ್ಕದಿಂದ ಆರಂಭಿಸುತ್ತಿದ್ದೆ. 27994681ನ್ನು 441ರಿಂದ ಗುಣಿಸಿ ಎಂದು ಹೇಳಿ ಸುಮ್ಮನಾಗುತ್ತಿದ್ದೆ. ಗೊಣಗಾಟ, ತಪ್ಪು, ತಿದ್ದುವಿಕೆಗಳ ನಂತರ ಯಾರದೋ ಪುಸ್ತಕದಲ್ಲಿ 12345654321 ಮೂಡುತ್ತಿತ್ತು. ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ ಸಂಖ್ಯೆ. ಇದನ್ನು ಕಂಡವರು ನಮ್ಮ ಸೀಮೆಯವರೇ ಎಂದರೆ ಮಕ್ಕಳು ನಂಬುತ್ತಿರಲಿಲ್ಲ.

ಮಹಾವೀರಾಚಾರ್ಯರು ಒಂಬತ್ತನೆಯ ಶತಮಾನದ ಜೈನ ಗಣಿತಜ್ಞರು. ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಆಳ್ವಿಕೆಯಲ್ಲಿ, ಸುಮಾರು 850ರಲ್ಲಿ, ಸಂಸ್ಕೃತದಲ್ಲಿ ‘ಗಣಿತಸಾರಸಂಗ್ರಹ’ವನ್ನು ರಚಿಸಿದರು. ದೊರೆಯನ್ನು ಮನಸಾರೆ ಸ್ತುತಿಸಿದ ಅವರು ತಮ್ಮ ಹುಟ್ಟೂರು, ತಂದೆತಾಯಿಯರ ಬಗ್ಗೆ ಏನನ್ನೂ ಹೇಳಿಕೊಂಡಿಲ್ಲ. ದೊರೆಯ ರಾಜಧಾನಿ ಮಾನ್ಯಖೇಟ ಇಂದಿನ ಸೇಡಂ ತಾಲ್ಲೂಕಿನ ಮಳಖೇಡ. ರಾಯಚೂರು ಸೀಮೆ ಅದೇ ರಾಜ್ಯದಲ್ಲಿತ್ತು. ‘ನಮ್ಮ ಸೀಮೆಯವರು’ ಎಂಬ ನನ್ನ ಮಾತಿಗೆ ಆಧಾರ ಇಷ್ಟೇ. ಶಿಕ್ಷಕನ ಸ್ವಾತಂತ್ರ್ಯವೆಂದು ಓದುಗರು ಮನ್ನಿಸಬೇಕು.

ಅವರ ಬದುಕೆಂದರೆ ಅವರ ಗ್ರಂಥವೇ. ಏಕದಿಂದ ಮಹಾಕ್ಷೋಭದವರೆಗೆ 24 ಸ್ಥಾನಗಳಿಗೆ ಹೆಸರು ಕೊಟ್ಟರು. ಕೊನೆಯದು ಒಂದರ ಮುಂದೆ 23 ಸೊನ್ನೆ. ಋಣ ಸಂಖ್ಯೆಗೆ ವರ್ಗಮೂಲವಿಲ್ಲ ಎಂದು ಸ್ಪಷ್ಟವಾಗಿ ಹೇಳಿದರು. ಸೊನ್ನೆಯಿಂದ ಭಾಗಿಸಿದರೆ ಸಂಖ್ಯೆ ಬದಲಾಗದು ಎಂದು ಎಡವಿದ್ದೂ ಉಂಟು. ಆದರೆ ಅವರ ಮನಸ್ಸು ಅರಳುವುದು ಗುಣಾಕಾರದ ಅಧ್ಯಾಯದಲ್ಲಿ. 152207ನ್ನು 73ರಿಂದ ಗುಣಿಸಿದರೆ ಎಂಟು ಒಂದುಗಳು. 333333666667ನ್ನು 33ರಿಂದ ಗುಣಿಸಿದರೆ 11000011000011. ಇಂಥ ಉತ್ತರಗಳನ್ನು ಅವರು ಕಂಠಾಭರಣಗಳೆಂದು ಕರೆದರು. ಹನ್ನೊಂದನೆಯ ಶತಮಾನದಲ್ಲಿ ಪಾವುಲೂರಿ ಮಲ್ಲನ ಈ ಗ್ರಂಥವನ್ನು ತೆಲುಗಿಗೆ ತಂದ, 1912ರಲ್ಲಿ ಎಂ. ರಂಗಾಚಾರ್ಯರು ಮದರಾಸಿನಲ್ಲಿ ಇಂಗ್ಲಿಷ್ ಅನುವಾದದೊಂದಿಗೆ ಪ್ರಕಟಿಸಿದರು.

2002ರಲ್ಲಿ ನಂಜುಂಡಪ್ಪ ಸಮಿತಿ ದೇವದುರ್ಗ, ಮಾನ್ವಿಗಳನ್ನು ಅತ್ಯಂತ ಹಿಂದುಳಿದ ತಾಲ್ಲೂಕುಗಳೆಂದು ಗುರುತಿಸಿತು. ಸಮಿತಿಯ ಲೆಕ್ಕ ಸರಿಯೇ. ಆದರೆ ನಮ್ಮ ಮಕ್ಕಳು ತಮ್ಮ ಬಗ್ಗೆ ಕೇಳಿ ಬೆಳೆದ ಅಂಕಿ ಅದೊಂದೇ ಆಗಿತ್ತು ಎಂಬುದು ನನ್ನನ್ನು ಕಾಡುತ್ತಿತ್ತು.

ಒಂದು ವರ್ಷ ದೇವದುರ್ಗದ ಕಡೆಯ ಹುಡುಗಿಯೊಬ್ಬಳು 441 ಎಂದರೆ 21ರ ವರ್ಗವಲ್ಲವೇ ಎಂದಳು. ಇನ್ನೊಂದು ಸಂಖ್ಯೆ 5291ರ ವರ್ಗವೆಂದು ಮರುದಿನ ತೋರಿಸಿದಳು. 21ನ್ನು 5291ರಿಂದ ಗುಣಿಸಿದರೆ 111111. ಹಾಗಾದರೆ ಆಚಾರ್ಯರ ಮಾಲೆ ಆರು ಒಂದುಗಳ ವರ್ಗ ಮಾತ್ರ! ರಾಯಚೂರಿಗೆ ಹೋಗುವ ಸಂಜೆಯ ಬಸ್ಸನ್ನು ಬಿಟ್ಟು ನಾನು ಕರಿಹಲಗೆಯ ಬಳಿ ನಿಂತೆ. ಏಳು, ಎಂಟು, ಒಂಬತ್ತು ಒಂದುಗಳವರೆಗೆ ಮಾಲೆ ನಿಂತಿತು. ಹತ್ತಕ್ಕೆ ದಶಕ ಮುಂದೆ ಸಾಗಿ 1234567900987654321 ಬಂದಿತು. ಅವಳು ಅದನ್ನು ಅಳಿಸಲು ಬಿಡಲಿಲ್ಲ.