ಮನುಷ್ಯನನ್ನು ವಾನರರ ಸಾಲಿನಲ್ಲಿ ಕೂರಿಸಿದ ಲಿನೇಯಸ್

ಸ್ವೀಡನ್ ದೇಶದ ದಕ್ಷಿಣದಲ್ಲಿರುವ ರೋಸ್‌ಹುಲ್ಟ್ ಎಂಬ ಹಳ್ಳಿಯಲ್ಲಿ 1707ರ ಮೇ 23ರಂದು ಕಾರ್ಲ್ ಲಿನೇಯಸ್ ಜನಿಸಿದನು. ತಂದೆ ನಿಲ್ಸ್ ಇಗರ್ಜಿಯ ಪಾದ್ರಿ. ಹೂದೋಟವೆಂದರೆ ಆತನಿಗೆ ಪ್ರಾಣ. ಮಗನಿಗೂ ಅದೇ ಹುಚ್ಚು ಹಿಡಿಯಿತು. ಹುಡುಗ ಪಾದ್ರಿಯಾಗಬೇಕೆಂಬುದು ಮನೆಯವರ ಆಸೆ. ಆದರೆ ಅವನು ಪಾಠ ಬಿಟ್ಟು ಗಿಡಗಂಟಿಗಳ ನಡುವೆ ಅಲೆಯುತ್ತಿದ್ದನು. ಇವನಿಗೆ ವಿದ್ಯೆ ಹತ್ತದು, ಯಾವುದಾದರೂ ಕೈಕಸುಬಿಗೆ ಹಚ್ಚುವುದು ಲೇಸೆಂದು ಶಾಲೆಯವರು ತಂದೆಗೆ ತಿಳಿಸಿದರಂತೆ. ಆಗ ರೋತ್ಮನ್ ಎಂಬ ವೈದ್ಯನು ಹುಡುಗನ ಒಲವನ್ನು ಗುರುತಿಸಿ, ತನ್ನ ಮನೆಯಲ್ಲಿರಿಸಿಕೊಂಡು ಸಸ್ಯಶಾಸ್ತ್ರ, ದೇಹಶಾಸ್ತ್ರಗಳ ಪಾಠ ಹೇಳಿದನು. ಒಬ್ಬ ಗುರುವಿನ ಕಣ್ಣಿಗೆ ಬೀಳದಿದ್ದರೆ ಈ ವಿಜ್ಞಾನಿ ನಮಗೆ ದೊರೆಯುತ್ತಿರಲಿಲ್ಲ.

1728ರಲ್ಲಿ ಅವನು ಉಪ್ಸಾಲಾ ವಿಶ್ವವಿದ್ಯಾಲಯವನ್ನು ಸೇರಿದನು. ಹರಿದ ಪಾದರಕ್ಷೆಯೊಳಗೆ ಕಾಗದ ತುರುಕಿ ನಡೆಯುವಷ್ಟು ಬಡತನ. 1732ರಲ್ಲಿ ಉತ್ತರದ ಲ್ಯಾಪ್‌ಲ್ಯಾಂಡನ್ನು ಸುತ್ತಿದನು. 1735ರಲ್ಲಿ ಹಾಲೆಂಡಿಗೆ ಹೋಗಿ ವೈದ್ಯ ಪದವಿ ಪಡೆದನು. ಅದೇ ವರ್ಷ ಅವನ 'ಸಿಸ್ಟೆಮಾ ನಾತುರೇ' ಪ್ರಕಟವಾಯಿತು. ಸೃಷ್ಟಿಯ ಸಕಲ ವಸ್ತುಗಳನ್ನೂ ವರ್ಗೀಕರಿಸಹೊರಟ ಆ ಪುಸ್ತಕ ಹನ್ನೆರಡು ಪುಟಗಳನ್ನೂ ದಾಟದಿದ್ದರೂ ಅದರೊಳಗೆ ಒಂದು ಕಿಡಿಯಿತ್ತು. ಪ್ರಾಣಿಗಳ ಪಟ್ಟಿಯಲ್ಲಿ ಮನುಷ್ಯನೂ ಇದ್ದನು. ಅವನ ಪಕ್ಕದಲ್ಲೇ ಕೋತಿಯೂ ಇತ್ತು!

ದೇವರು ಮನುಷ್ಯನನ್ನು ಬೇರೆಯಾಗಿಯೇ ಸೃಷ್ಟಿಸಿದನೆಂದು ನಂಬಿದ್ದ ಕಾಲವದು. ಪಂಡಿತರು ಆಕ್ಷೇಪಿಸಿದರು. ಲಿನೇಯಸ್ ನಾಸ್ತಿಕನಲ್ಲ, ಜೀವಜಾತಿಗಳೆಲ್ಲ ದೇವರ ಸೃಷ್ಟಿಯೆಂದೇ ನಂಬಿದವನು. ಆದರೆ ಕಣ್ಣಿಗೆ ಕಂಡದ್ದನ್ನು ಮುಚ್ಚಿಡಲು ಅವನಿಗೆ ಮನಸ್ಸಾಗಲಿಲ್ಲ. 1747ರಲ್ಲಿ ಗ್ಮೆಲಿನ್ ಎಂಬ ವಿದ್ವಾಂಸನಿಗೆ ಪತ್ರ ಬರೆದು, ಶರೀರರಚನೆಯಲ್ಲಿ ಮನುಷ್ಯನನ್ನೂ ವಾನರನನ್ನೂ ಬೇರ್ಪಡಿಸುವ ಒಂದೇ ಒಂದು ಲಕ್ಷಣವನ್ನಾದರೂ ತೋರಿಸಬೇಕೆಂದು ಕೇಳಿದನು. ಹಾಗೆ ನೇರವಾಗಿ ಸಾರಿದರೆ ಧರ್ಮಗುರುಗಳ ಕೋಪಕ್ಕೆ ಗುರಿಯಾಗಬೇಕಾದೀತೆಂಬ ಅಳುಕೂ ಅವನಿಗಿತ್ತು.

ಆ ಹೊತ್ತಿಗಾಗಲೇ ಅವನು ಉಪ್ಸಾಲಾದಲ್ಲಿ ಪ್ರಾಧ್ಯಾಪಕನಾಗಿದ್ದನು. ಅಲ್ಲಿನ ತೋಟದಲ್ಲಿ ಕೋತಿಗಳನ್ನು ಸಾಕಿ, ಅವುಗಳ ನಡೆನುಡಿಗಳನ್ನು ಗಮನಿಸುತ್ತಿದ್ದನು. 1758ರಲ್ಲಿ ಬಂದ ಗ್ರಂಥದ ಹತ್ತನೆಯ ಆವೃತ್ತಿಯಲ್ಲಿ ಮೊಲೆಯುಣಿಸುವ ಪ್ರಾಣಿಗಳನ್ನೆಲ್ಲ ಸಸ್ತನಿಗಳೆಂದು ಕರೆದು, ಅವುಗಳ ಮೊದಲ ಗಣಕ್ಕೆ 'ಪ್ರೈಮೇಟ್ಸ್' ಎಂದು ಹೆಸರಿಟ್ಟನು. ಅಗ್ರಸ್ಥಾನದವರು ಎಂಬುದು ಅದರ ಅರ್ಥ. ಮನುಷ್ಯ, ಕೋತಿ, ಲೀಮರ್, ಬಾವಲಿ ಈ ನಾಲ್ಕು ಕುಲಗಳಿಗೆ ಅಲ್ಲಿ ಎಡೆ ಸಿಕ್ಕಿತು. ಮೇಲ್ದವಡೆಯಲ್ಲಿ ನಾಲ್ಕು ಬಾಚಿಹಲ್ಲು, ಎದೆಯಲ್ಲಿ ಎರಡು ಮೊಲೆ ಇವೇ ಅವನು ಹಿಡಿದ ಮುಖ್ಯ ಗುರುತುಗಳು. ಮನುಷ್ಯನಿಗೆ 'ಹೋಮೋ ಸೇಪಿಯನ್ಸ್' ಎಂಬ ಹೆಸರನ್ನಿತ್ತವನೂ ಅವನೇ.

ಅವನಿಂದ ತಪ್ಪುಗಳೂ ಆದವು. ಬಾವಲಿ ಈ ಗಣಕ್ಕೆ ಸೇರಿದ್ದಲ್ಲ. ಪ್ರವಾಸಿಗಳ ಕಟ್ಟುಕತೆ ನಂಬಿ, ಗುಹೆಯಲ್ಲಿ ವಾಸಿಸುವ ಮತ್ತೊಂದು ಮಾನವಜಾತಿಯನ್ನೂ ಸೇರಿಸಿದನು. ಮನುಷ್ಯರನ್ನು ಖಂಡಾನುಸಾರ ನಾಲ್ಕಾಗಿ ವಿಂಗಡಿಸಿ ಒಂದೊಂದಕ್ಕೂ ಒಂದೊಂದು ಸ್ವಭಾವವನ್ನು ಆರೋಪಿಸಿದ್ದು ಇನ್ನೂ ದೊಡ್ಡ ತಪ್ಪು. ಮುಂದೆ ಬಣ್ಣದ ಮದವುಳ್ಳವರಿಗೆ ಅದು ಆಧಾರವಾಯಿತು. ಆದರೆ ಮೂಲವಿಚಾರ ಗಟ್ಟಿಯಾಗಿ ನಿಂತಿತು. ಅವನ ನಂತರದವರು ಮನುಷ್ಯನನ್ನು ಬೇರೆ ಗಣಕ್ಕೆ ಸಾಗಿಸಲು ನೋಡಿದರೂ, 1863ರಲ್ಲಿ ಇಂಗ್ಲೆಂಡಿನ ಹಕ್ಸ್ಲಿ ಅವನನ್ನು ಮತ್ತೆ ವಾನರರ ಸಾಲಿಗೇ ತಂದನು. ಹಿಡಿಯಬಲ್ಲ ಕೈ, ಬೆರಳಿಗೆ ಚಪ್ಪಟೆ ಉಗುರು, ಮುಂದಕ್ಕೆ ನೋಡುವ ಜೋಡಿ ಕಣ್ಣು, ದೊಡ್ಡ ಮಿದುಳು, ತಾಯಿಯ ಮಡಿಲಲ್ಲಿ ಕಳೆಯುವ ದೀರ್ಘ ಬಾಲ್ಯ ಇವೇ ಇಂದು ಈ ಗಣದ ಲಕ್ಷಣಗಳು. ಇದರಲ್ಲಿ ಈಗ 500ಕ್ಕೂ ಹೆಚ್ಚು ಜಾತಿಗಳನ್ನು ಗುರುತಿಸಿದ್ದಾರೆ.

ಲಿನೇಯಸ್ ನಮ್ಮ ದೇಶಕ್ಕೆ ಬಂದವನಲ್ಲ. ಆದರೂ ಮಲಬಾರಿನ ಸಸ್ಯಗಳನ್ನು ವರ್ಣಿಸುವ 'ಹೋರ್ಟಸ್ ಮಲಬಾರಿಕಸ್' ಅವನು ಬಹಳ ನೆಚ್ಚಿದ ಗ್ರಂಥ. ಪಶ್ಚಿಮ ಘಟ್ಟದ ಕಾಡುಗಳಲ್ಲಲ್ಲದೆ ಬೇರೆಲ್ಲೂ ಸ್ವತಂತ್ರವಾಗಿ ಕಾಣಸಿಗದ ನಮ್ಮ ಸಿಂಗಳೀಕಕ್ಕೆ 'ಸೈಲಿನಸ್' ಎಂಬ ಹೆಸರನ್ನು 1758ರಲ್ಲಿ ಅವನೇ ಕೊಟ್ಟನು. ಹೆಮ್ಮರಗಳ ಮೇಲೆಯೇ ಬಾಳುವ, ಹಣ್ಣು, ಬೀಜ, ಕೀಟಗಳನ್ನು ತಿನ್ನುವ ಜೀವಿಯದು. ಮರಗಳ ಸಾಲು ಕಡಿದುಹೋದರೆ ಅದರ ದಾರಿಯೂ ಕಡಿದಂತೆ. ನಾವು ಸಿಂಗಳೀಕ ಎಂದರೆ ನೆರೆಮನೆಯ ಮಲಯಾಳಿಗಳು ಸಿಂಹವಾಲನ್ ಎನ್ನುತ್ತಾರೆ. ನಮ್ಮ ಕಾಡುಪಾಪ ಅವರಿಗೆ ಕುಟ್ಟಿತ್ತೇವಾಂಗ್. ಲಿನೇಯಸನ ಎರಡು ಪದಗಳ ಹೆಸರಿನ ಪದ್ಧತಿಯಿಂದಾಗಿ, ಯಾರೂ ತಮ್ಮ ಭಾಷೆಯ ಹೆಸರನ್ನು ಬಿಡಬೇಕಾಗಿಲ್ಲ. ಆದರೂ ಎಲ್ಲರೂ ಒಂದೇ ಪ್ರಾಣಿಯ ಬಗ್ಗೆ ಮಾತನಾಡುತ್ತಿದ್ದೇವೆಂದು ತಿಳಿಯುತ್ತದೆ.

1774ರಲ್ಲಿ ಅವನಿಗೆ ಪಾರ್ಶ್ವವಾಯು ಬಡಿಯಿತು. 1778ರ ಜನವರಿ 10ರಂದು ತೀರಿಕೊಂಡನು. ಉಪ್ಸಾಲಾದ ಮಹಾ ಇಗರ್ಜಿಯಲ್ಲಿ ಅವನ ಸಮಾಧಿಯಿದೆ. ಪಾದ್ರಿಯಾಗಬೇಕಿದ್ದ ಹುಡುಗ ಮನುಷ್ಯನಿಗೆ ಕಲಿಸಿದ್ದು ವಿನಯವನ್ನೇ. ಅಗ್ರಸ್ಥಾನ ನಮಗಿದೆ, ನಿಜ. ಆದರೆ ಆ ಪಂಕ್ತಿಯಲ್ಲಿ ನಾವೊಬ್ಬರೇ ಕುಳಿತಿಲ್ಲ.