ಚಿತ್ರಕಾರ ಜೇಮ್ಸ್ ವೇಲ್ಸ್

ಮಲಬಾರ ಗುಡ್ಡ, ಶೀವದ ಕೋಟೆ, ಘಾರಾಪುರಿ: ಮುಂಬಯಿಯ ವಿದ್ಯಾರ್ಥಿಗಳಾದ ನಿಮಗೆ ಈ ಹೆಸರುಗಳು ಹೊಸವಲ್ಲ. ಇನ್ನೂರು ವರ್ಷಗಳಿಗೂ ಹಿಂದೆ ಈ ನಗರ ಹೇಗಿದ್ದಿತೆಂಬುದನ್ನು ಕಣ್ಣಾರೆ ಕಾಣುವ ಭಾಗ್ಯ ನಮಗೆ ದೊರೆತಿರುವುದು ಸ್ಕಾಟ್ಲೆಂಡಿನ ಒಬ್ಬ ಚಿತ್ರಕಾರನಿಂದ.

ಜೇಮ್ಸ್ ವೇಲ್ಸ್ 1747ರಲ್ಲಿ ಪೀಟರ್‌ಹೆಡ್ ಎಂಬ ಕಡಲತಡಿಯ ಊರಿನಲ್ಲಿ ಜನಿಸಿದನು. ಅಬರ್ಡೀನಿನಲ್ಲಿ ವಿದ್ಯಾಭ್ಯಾಸವಾಯಿತು, ಚಿತ್ರಕಲೆಯನ್ನು ಬಹುಮಟ್ಟಿಗೆ ಸ್ವಂತ ಪರಿಶ್ರಮದಿಂದಲೇ ಸಾಧಿಸಿದನು. 1791ರಲ್ಲಿ ಮುಂಬಯಿಗೆ ಬಂದಾಗ ಅವನಿಗೆ ನಲವತ್ತು ದಾಟಿತ್ತು. ಆ ವರ್ಷವೂ ಮರುವರ್ಷವೂ ಗುಡ್ಡಗಳನ್ನೇರಿ, ಸಮುದ್ರತೀರದಲ್ಲಿ ಅಲೆದು, ದ್ವೀಪದ ಹನ್ನೆರಡು ನೋಟಗಳನ್ನು ಚಿತ್ರಿಸಿದನು. ಅವನ್ನು ಅಚ್ಚಿಗೆ ಅಣಿಗೊಳಿಸಿದುದೂ ಅವನ ಕೈಯೇ. ತಾಮ್ರದ ತಗಡಿಗೆ ಮೇಣದಂಥ ಲೇಪ ಬಳಿದು, ಸೂಜಿಯಿಂದ ಗೆರೆ ಕೊರೆದು, ಆಮ್ಲದಲ್ಲಿ ಅದ್ದಿದರೆ ಗೆರೆಗಳಷ್ಟೇ ಕೊರೆದು ನಿಲ್ಲುತ್ತವೆ; ಆ ಕುಳಿಗಳಿಗೆ ಮಸಿ ತುಂಬಿ ಕಾಗದದ ಮೇಲೆ ಒತ್ತಬೇಕು. ತಾಳ್ಮೆಯಿಲ್ಲದವರಿಗೆ ಹೇಳಿದ ಕೆಲಸವಲ್ಲ!

1792ರಲ್ಲಿ ಪುಣೆಯ ಆಂಗ್ಲ ರೆಸಿಡೆಂಟ್ ಚಾರ್ಲ್ಸ್ ಮ್ಯಾಲೆಟನು ಅವನನ್ನು ಕರೆಸಿಕೊಂಡನು. ವೇಲ್ಸನು ತರುಣ ಪೇಶ್ವೆ ಸವಾಯಿ ಮಾಧವರಾಯನನ್ನೂ ಮಂತ್ರಿ ನಾನಾ ಫಡ್ನವೀಸನನ್ನೂ ಒಂದೇ ಪಟದಲ್ಲಿ ಬರೆದನು. ಅದೀಗ ಲಂಡನ್ನಿನ ರಾಯಲ್ ಏಷಿಯಾಟಿಕ್ ಸೊಸೈಟಿಯಲ್ಲಿದೆ.

ಆದರೂ ಅವನ ಮನಸ್ಸು ದರ್ಬಾರಿಗಿಂತ ಗುಹೆಗಳಲ್ಲಿ ನೆಟ್ಟಿತ್ತೆಂದು ನನಗೆ ತೋರುತ್ತದೆ. ಕಾರ್ಲೆ, ಕಾನ್ಹೇರಿ, ಎಲ್ಲೋರಗಳಲ್ಲಿ ಅಳತೆ ಹಿಡಿದು ಚಿತ್ರ ಬರೆದನು. ಎಲ್ಲೋರದ ಕೈಲಾಸ ದೇವಾಲಯವನ್ನು ಕಡೆಯಿಸಿದವನು ನಮ್ಮ ಕನ್ನಡನಾಡಿನ ರಾಷ್ಟ್ರಕೂಟ ದೊರೆ ಒಂದನೆಯ ಕೃಷ್ಣ ಎಂಬುದನ್ನು ಇಲ್ಲಿ ಸ್ಮರಿಸಬಹುದು.

1795ರ ಅಕ್ಟೋಬರಿನಲ್ಲಿ ಪೇಶ್ವೆ ಶನಿವಾರವಾಡೆಯ ಮೇಲಿನಿಂದ ಬಿದ್ದು ಮೃತನಾದನು. ಕಾನ್ಹೇರಿಯ ಕೆಲಸದಲ್ಲಿ ಕಾಯಿಲೆ ಬಿದ್ದ ವೇಲ್ಸನೂ ನವೆಂಬರಿನಲ್ಲಿ ತೀರಿಕೊಂಡನು. ಅವನ ಕಾರ್ಯಗಳೆಲ್ಲ ಅರ್ಧಕ್ಕೇ ನಿಂತವು. ಮುಂಬಯಿಯ ಹನ್ನೆರಡು ನೋಟಗಳ ಸಂಪುಟ ಲಂಡನ್ನಿನಲ್ಲಿ ಹೊರಬಂದುದು 1800ರಲ್ಲಿ. ಎಲ್ಲೋರದ ಚಿತ್ರಗಳನ್ನು ಥಾಮಸ್ ಡೇನಿಯಲನು 1803ರಲ್ಲಿ ಪ್ರಕಟಿಸಿದನು. 1790ರಲ್ಲಿ ಟಿಪ್ಪು ಸುಲ್ತಾನನ ವಿರುದ್ಧ ಪುಣೆಯಲ್ಲಿ ಆದ ಒಪ್ಪಂದದ ದರ್ಬಾರಿನ ದೊಡ್ಡ ಚಿತ್ರವನ್ನೂ ವೇಲ್ಸನ ರೇಖಾಚಿತ್ರಗಳ ಆಧಾರದಿಂದ ಡೇನಿಯಲನೇ ಬರೆದು ಮುಗಿಸಿದನು. ಸ್ನೇಹಿತರು ಕೈಗೂಡಿಸದಿದ್ದರೆ ಇಷ್ಟೂ ಶ್ರಮ ಪೆಟ್ಟಿಗೆಯಲ್ಲಿಯೇ ಉಳಿಯುತ್ತಿತ್ತು.

ಇನ್ನೊಬ್ಬನ ಹೆಸರನ್ನು ಹೇಳದಿದ್ದರೆ ಅನ್ಯಾಯವಾದೀತು. ಗಂಗಾರಾಮ ಚಿಂತಾಮಣ ತಾಂಬಟನು ಪುಣೆಯವನು. ತಾಂಬಟರೆಂದರೆ ತಾಮ್ರದ ಕೆಲಸಗಾರರು. ಮ್ಯಾಲೆಟನ ಪ್ರೇರಣೆಯಿಂದ ಶನಿವಾರವಾಡೆಯಲ್ಲಿ ಆರಂಭವಾದ ಚಿತ್ರಶಾಲೆಯಲ್ಲಿ ಕಲಿತು, ಗುಹೆಗಳಲ್ಲಿ ವೇಲ್ಸನಿಗೆ ನೆರವಾದನು. ಅವನಿಗಿಂತ ಮೊದಲೇ ಎಲ್ಲೋರವನ್ನು ಚಿತ್ರಿಸಿದ್ದವನೂ ಇವನೇ. ಗಂಗಾರಾಮನ ಅನೇಕ ಚಿತ್ರಗಳು ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಕಲಾಸಂಗ್ರಹದಲ್ಲಿ ಇಂದಿಗೂ ಭದ್ರವಾಗಿವೆ.